ಸೋಮಿ ಕೊಟ್ಟ ಹೆಸರು

ಕಾಡಿನ ಜನ ವಾಸವಿದ್ದ ಹಾಡಿಯೊಳಕ್ಕೆ ಪುಟ್ಟಮಲ್ಲಮ್ಮನವರು ಕಾಲಿಟ್ಟದ್ದು ಅದೇ ಮೊದಲು. ಊರಿನ ಹೆಂಗಸರು ಸೀಗೆಕಾಯಿಗೋ ಜೇನುತುಪ್ಪಕ್ಕೋ ಬಂದರೂ ಆಚೆಯ ಹೊಂಗೆ ಮರದ ಹತ್ತಿರ ನಿಂತು ಕೂಗುವುದು ರೂಢಿ. ಅರವತ್ತೆರಡನೇ ಇಸವಿಯ ಆಷಾಢದಲ್ಲಿ, ಮಳೆ ಹೊಳವಾಗಿದ್ದ ಒಂದು ಬೆಳಿಗ್ಗೆ, ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸೀದಾ ಸೋಮಿಯ ಗುಡಿಸಲಿನ ಮುಂದೆ ಬಂದು ನಿಂತರು. ಕೈಯಲ್ಲಿ ಮೊರವಿತ್ತು. ಮೊರದಲ್ಲಿ, ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ, ಇನ್ನೂ ಕಣ್ಣು ಕೂಡ ಸರಿಯಾಗಿ ಬಿಡದ ಹೆಣ್ಣು ಕೂಸು.

ಸೋಮಿ ತನ್ನ ನಾಲ್ಕು ತಿಂಗಳ ಮಗ ಕಾಳನಿಗೆ ಹಾಲು ಕುಡಿಸುತ್ತಿದ್ದವಳು ಗಾಬರಿಯಿಂದ ಎದ್ದಳು.

"ಏಳ್ಬ್ಯಾಡ, ಕೂತ್ಕೊ," ಎಂದರು ಪುಟ್ಟಮಲ್ಲಮ್ಮ. "ಈ ಕೂಸ ನೀನು ಕೊಂಡ್ಕೋಬೇಕು ಕಣಮ್ಮಿ."

ಯಾರ ಕೂಸೆಂದು ಕೇಳುವ ಅಗತ್ಯವಿರಲಿಲ್ಲ. ಎನ್. ಬೇಗೂರಿನ ಪಕ್ಕದ ಆ ಊರಿನಲ್ಲಿ ಪುಟ್ಟಮಲ್ಲಮ್ಮನವರ ಮಗ ಷಣ್ಮುಖಪ್ಪನವರದು ರಾಗಿ, ಹತ್ತಿ ಬೆಳೆಯುವ ಮನೆ. ಕಳೆ ಕೀಳಲು, ಹತ್ತಿ ಬಿಡಿಸಲು ಸೋಮಿ ಅವರ ಹೊಲಕ್ಕೇ ಹೋಗುತ್ತಿದ್ದಳು. ಸೊಸೆ ನೀಲಾಂಬಿಕೆ ಪಿರಿಯಾಪಟ್ಟಣದ ಕಡೆಯ ಹೆಣ್ಣು. ಮೂರು ಹೆತ್ತಿದ್ದಳು, ಮೂರೂ ಒಂದು ತಿಂಗಳು ತುಂಬುವುದರೊಳಗೆ ಕಣ್ಣು ಮುಚ್ಚಿದ್ದವು. ಮೂರು ಬಾಣಂತನವೂ ತವರಿನಲ್ಲೇ ಆಗಿತ್ತೆಂದು ಈ ಸಲ ಅಲ್ಲಿಗೆ ಕಳಿಸದೆ ಇಲ್ಲೇ ಇರಿಸಿಕೊಂಡಿದ್ದರು. ನಾಲ್ಕನೆಯದು ಹಿಂದಿನ ದಿನ ಹುಟ್ಟಿತ್ತು. ಸೂಲಗಿತ್ತಿ ಹೊಕ್ಕಳುಬಳ್ಳಿ ಕತ್ತರಿಸುತ್ತಲೇ ಹೇಳಿದ್ದಳಂತೆ, ಈ ಕೂಸನ್ನು ಈ ಮನೆಯದಾಗಿ ಬೆಳೆಸಬೇಡಿ, ಮಾರಿಬಿಡಿ ಎಂದು.

ಮಾರುವುದೆಂದರೆ ನಿಜವಾಗಿ ಮಾರುವುದಲ್ಲ. ಮಕ್ಕಳು ಉಳಿಯದ ಮನೆಯವರು ಹುಟ್ಟಿದ ಕೂಸನ್ನು ಮೊರದಲ್ಲಿಟ್ಟು, ಮಕ್ಕಳು ಗಟ್ಟಿಯಾಗಿರುವ ಬೇರೆ ಜನದ ಹೆಂಗಸಿಗೆ ಮೂರು ಬೊಗಸೆ ತೌಡಿಗೆ ಕೊಡುತ್ತಿದ್ದರು. ಅಲ್ಲಿಂದಾಚೆಗೆ ಕೂಸು ಅವಳದು. ಬೆಳೆಯುವುದು ಮಾತ್ರ ಹೆತ್ತವರ ಮನೆಯಲ್ಲಿ, ಸಾಕಲು ತಂದದ್ದು ಎನ್ನುವ ಹಾಗೆ. ಸಾವು ಆ ಮನೆಗೆ ಹುಡುಕಿಕೊಂಡು ಬಂದರೂ, ಇದು ನೀಲಾಂಬಿಕೆಯ ಕೂಸಲ್ಲವೆಂದು ಹಿಂದಿರುಗಬೇಕು. ಅದಕ್ಕೇ ಹೆಸರನ್ನೂ ಕೊಂಡವಳೇ ಇಡಬೇಕು.

ಕೊಳ್ಳುವವಳು ಕೊಡಬೇಕಾದ ತೌಡನ್ನೂ ಪುಟ್ಟಮಲ್ಲಮ್ಮ ಗಂಟು ಕಟ್ಟಿಕೊಂಡು ತಂದಿದ್ದರು. ಹಾಡಿಯಲ್ಲಿ ಭತ್ತದ ತೌಡು ಎಲ್ಲಿ ಸಿಕ್ಕೀತು! ಸೋಮಿ ಅವರ ಗಂಟಿನಿಂದಲೇ ಮೂರು ಬೊಗಸೆ ತೆಗೆದು ಅವರ ಸೆರಗಿಗೇ ಸುರಿದು ಕೂಸನ್ನು ಎತ್ತಿಕೊಂಡಳು. ಕೂಸಿನ ತುಟಿ ಒಣಗಿತ್ತು. ಕೇಳದೆಯೇ ಇನ್ನೊಂದು ಮೊಲೆಗೆ ಹಿಡಿದಳು. ಪುಟ್ಟಮಲ್ಲಮ್ಮ ಅತ್ತ ತಿರುಗಿ ಕಾಡು ನೋಡುತ್ತ ನಿಂತರು. ಬೇಡ ಎನ್ನಲಿಲ್ಲ.

ನೀಲಾಂಬಿಕೆಗೆ ಜ್ವರ, ಎದೆಯಲ್ಲಿ ಹಾಲಿಳಿದಿರಲಿಲ್ಲ. ಅವತ್ತಿನಿಂದ ಸೋಮಿ ದಿನವೂ ಬೆಳಿಗ್ಗೆ ಕಾಳನನ್ನು ಬೆನ್ನಿಗೆ ಕಟ್ಟಿಕೊಂಡು ಊರಿಗೆ ಹೋಗಿ ಸಂಜೆಗೆ ಹಿಂದಿರುಗುವಳು. ಆ ಮನೆಯಲ್ಲಿ ಅವಳಿಗೊಂದು ಒಗೆದ ಸೀರೆ ಇಟ್ಟಿದ್ದರು. ಬಾವಿಯ ಹತ್ತಿರ ಮೈ ತೊಳೆದು, ಅದನ್ನುಟ್ಟು, ಕೊಟ್ಟಿಗೆಯ ಪಕ್ಕದ ಜಗಲಿಯಲ್ಲಿ ಕೂತು ಹಾಲು ಕೊಡಬೇಕು. ಕೇಳಿದವರಿಗೆಲ್ಲ ಪುಟ್ಟಮಲ್ಲಮ್ಮ, ಕೂಸಿಗೆ ಹಸುವಿನ ಹಾಲೇ ಒಗ್ಗಿದೆ ಎನ್ನುತ್ತಿದ್ದರು. ಸೋಮಿಗೆ ಅದರಿಂದ ಬೇಸರವೇನೂ ಆಗಲಿಲ್ಲ. ದೊಡ್ಡವರ ಮನೆ, ಅವರಿಗೆ ಅವರದೇ ಕಟ್ಟುಪಾಡು.

ಮೂರನೆಯ ದಿನ ನೀಲಾಂಬಿಕೆ ಗೋಡೆ ಹಿಡಿದುಕೊಂಡು ಜಗಲಿಗೆ ಬಂದು ಕೂತಳು. ಸೋಮಿಯಷ್ಟೇ ವಯಸ್ಸು, ಇಪ್ಪತ್ತು ದಾಟಿರಲಿಲ್ಲವೇನೋ. ಮುಖ ಬಿಳಿಚಿಕೊಂಡಿತ್ತು.

"ಹೆಸ್ರು ಏನಿಡ್ತೀಯಾ ಸೋಮಿ?"

"ಏನಾರಾ ಒಂದು ಇಟ್ರಾಯ್ತು ಬುಡಿ ಅಮ್ಮಾವ್ರೆ. ಗುಂಡಿ, ಕಲ್ಲಿ... ಸಾವ್ಗೆ ಇಷ್ಟ ಆಗ್ದಿರೋ ಅಂಗೆ." ಸೋಮಿಯ ಗಂಡ ಬೆಳ್ಳ ಆ ಬೆಳಿಗ್ಗೆ ಹೇಳಿ ಕಳಿಸಿದ್ದೂ ಅದನ್ನೇ.

"ಬ್ಯಾಡ ಕಣೆ." ನೀಲಾಂಬಿಕೆ ಅವಳ ಕೈ ಹಿಡಿದುಕೊಂಡಳು. ಆ ಮನೆಯವರು ಯಾರೂ ಅದುವರೆಗೆ ಸೋಮಿಯ ಮೈ ಮುಟ್ಟಿದ್ದಿಲ್ಲ. "ಮೊದಲ್ನೇದಕ್ಕೆ ಗುಂಡಮ್ಮ ಅಂತ್ಲೇ ಕರ್ದಿದ್ವಿ. ಉಳೀಲಿಲ್ಲ. ಬಿಸಾಡೋ ಹೆಸ್ರು ಬ್ಯಾಡ. ನಿಮ್ಮೋರಲ್ಲಿ ಗಟ್ಟಿ ಇದ್ದೋರು ಯಾರೋ ಅವ್ರ ಹೆಸ್ರು ಕೊಡು."

ಗಟ್ಟಿ ಎಂದ ಕೂಡಲೇ ಸೋಮಿಗೆ ನೆನಪಾದದ್ದು ತಾಯಿ ಚಿಕ್ಕಮಾದಿ. ಎರಡು ವರ್ಷದ ಹಿಂದೆ ತೀರಿಕೊಂಡಿದ್ದಳು. ಗಂಡ ಸತ್ತ ಮೇಲೆ ಒಬ್ಬಳೇ ಗೆಣಸು ಅಗೆದು, ಬಿದಿರು ಕಡಿದು ಮಗಳನ್ನು ಸಾಕಿದ ಹೆಂಗಸು. ಸೋಮಿ ಏಳೆಂಟು ವರ್ಷದವಳಾಗಿದ್ದಾಗ ಒಮ್ಮೆ ನೆಲ್ಲಿಕಾಯಿಗೆ ಹೋದ ದಾರಿಯಲ್ಲಿ ಒಂಟಿ ಆನೆ ಅಡ್ಡ ನಿಂತುಬಿಟ್ಟಿತ್ತು. ಚಿಕ್ಕಮಾದಿ ಓಡಲಿಲ್ಲ, ಕೂಗಲಿಲ್ಲ. ಮಗಳನ್ನು ಮತ್ತಿಮರದ ಬುಡಕ್ಕೆ ಕೂರಿಸಿ, ತಾನೂ ಕೂತು, ಎಲೆ ಅಡಿಕೆ ಹಾಕಿಕೊಂಡು, "ಅದ್ಕೂ ಏನೋ ಕೆಲ್ಸ ಐತೆ, ಮುಗೀಲಿ," ಎಂದಿದ್ದಳು. ಮಧ್ಯಾಹ್ನ ಇಳಿದ ಮೇಲೆ ಆನೆ ತಾನಾಗಿ ಹೋಯಿತು.

ಆ ಹೆಸರನ್ನು ಸೋಮಿ ತನಗೆ ಹುಟ್ಟುವ ಹೆಣ್ಣುಮಗುವಿಗೆಂದು ಇಟ್ಟುಕೊಂಡಿದ್ದಳು. ಅವರ ಮನೆತನದಲ್ಲಿ ಸತ್ತವರ ಹೆಸರು ಒಂದೇ ಕೂಸಿಗೆ. ಆ ಕೂಸು ಬದುಕಿರುವವರೆಗೆ ಇನ್ನೊಂದಕ್ಕೆ ಇಡುವಂತಿಲ್ಲ. ಎರಡು ಕಡೆ ಒಂದೇ ಹೆಸರು ಕೂಗಿದರೆ, ಸತ್ತವರು ಯಾವ ಕಡೆ ಹೋಗಬೇಕೆಂದು ತಿಳಿಯದೆ ಎರಡು ಕೂಸಿನ ಕೈಯನ್ನೂ ಬಿಟ್ಟುಬಿಡುತ್ತಾರೆ ಎಂಬುದು ಅವರ ನಂಬಿಕೆ.

ಇದನ್ನೆಲ್ಲ ಅವಳು ನೀಲಾಂಬಿಕೆಗೆ ಬಿಡಿಸಿ ಹೇಳಿದಳು. "ಇದ ನಿಮ್ ಕೂಸ್ಗೆ ಕೊಟ್ರೆ ನನ್ ಮಗ್ಳಿಗೆ ಇಲ್ಲ ಅಮ್ಮಾವ್ರೆ. ಕೊಟ್ಮೇಲೆ ನೀವೂ ಅದ ಬುಡಂಗಿಲ್ಲ."

"ಬಿಡಾಕಿಲ್ಲ," ಎಂದಳು ನೀಲಾಂಬಿಕೆ. ಕೂಸಿನ ನೆತ್ತಿಯ ಮೇಲೆ ಕೈಯಿಟ್ಟಳು. "ಇವಳಾಣೆ. ನಾನಿರೋ ತನಕ ಇವಳು ಚಿಕ್ಕಮಾದೀನೇ."

ಸೋಮಿ ಕೂಸಿನ ಕಿವಿಯಲ್ಲಿ ಮೂರು ಸಲ ತಾಯಿಯ ಹೆಸರು ಹೇಳಿದಳು. ಸಂಜೆ ಹಾಡಿಗೆ ಹಿಂದಿರುಗಿ ವಿಷಯ ತಿಳಿಸಿದಾಗ ಬೆಳ್ಳ ಒಲೆಯ ಸೌದೆಯನ್ನು ಮುಂದಕ್ಕೆ ದೂಡಿದ. ಆಮೇಲೆ, "ನಮ್ದು ಅಂತ ಇದ್ದಿದ್ದು ಅದೊಂದೇ ಕಣಮ್ಮಿ," ಎಂದು ಎದ್ದುಹೋದ.

ಕೂಸು ಉಳಿಯಿತು. ಮೂರು ತಿಂಗಳು ಕಳೆಯಿತು, ಆರಾಯಿತು. ಸೋಮಿಯ ಹಾಲಿನಲ್ಲಿ ಎರಡು ಮಕ್ಕಳು ಬೆಳೆದವು. ಬಲಕ್ಕೆ ಕಾಳ, ಎಡಕ್ಕೆ ಚಿಕ್ಕಮಾದಿ. ಮನೆಯಲ್ಲಿ ಅವಳನ್ನು ಚಿಕ್ಕಿ ಎಂದು ಕರೆಯುತ್ತಿದ್ದರು. ಹಾಲು ಬಿಡಿಸಿದ ಮೇಲೂ ಸೋಮಿ ಹೊಲದ ಕೆಲಸ ಮುಗಿಸಿ ಹೋಗುವಾಗ ಒಂದು ಗಳಿಗೆ ಜಗಲಿಯಲ್ಲಿ ಕೂತು ಹೋಗುವಳು. ಅತ್ತೆ ದೇವರ ಕೋಣೆಯಲ್ಲಿದ್ದಾಗ ನೀಲಾಂಬಿಕೆ ಪಕ್ಕದಲ್ಲಿ ಬಂದು ಕೂತು ತವರಿನ ಸುದ್ದಿ, ಗಂಡನ ಮುಂಗೋಪ, ಎಲ್ಲವನ್ನೂ ಹೇಳಿಕೊಳ್ಳುವಳು. ಸೋಮಿಗೆ ಅಕ್ಕತಂಗಿಯರಿರಲಿಲ್ಲ. ಹೀಗೆಯೇ ಇರುತ್ತದೇನೋ ಅಕ್ಕತಂಗಿಯರಿದ್ದರೆ ಎಂದು ಅವಳಿಗೆ ಅನ್ನಿಸುತ್ತಿತ್ತು.

ಅರವತ್ತೈದರಲ್ಲಿ ಸೋಮಿಗೆ ಹೆಣ್ಣುಮಗು ಹುಟ್ಟಿತು. ಹಾಡಿಯ ಯಜಮಾನ ಕುಳ್ಳಯ್ಯ ಹೆಸರಿಡುವ ದಿನ ಗೊತ್ತು ಮಾಡಿದ. ಅದಕ್ಕೆ ಮೂರು ದಿನ ಮುಂಚೆ ಸೋಮಿ ಕೂಸನ್ನು ಎತ್ತಿಕೊಂಡು ನೀಲಾಂಬಿಕೆಗೆ ತೋರಿಸಲು ಹೋದಳು. ಕೇಳಬೇಕೆಂದೇನೂ ಹೋಗಿರಲಿಲ್ಲ. ಆದರೂ ಒಳಗೊಳಗೇ ಏನೋ ಒಂದು ಆಸೆ ಇದ್ದಿತೇನೋ, ಅವಳಿಗೇ ಗೊತ್ತಿಲ್ಲ.

ನೀಲಾಂಬಿಕೆ ಕೂಸಿಗೆಂದು ಹೂವಿನ ಚಿತ್ತಾರದ ಹೊಸ ಅಂಗಿ ಹೊಲಿಸಿಟ್ಟಿದ್ದಳು. ಅದನ್ನು ಸೋಮಿಯ ಕೈಗೆ ಕೊಡುತ್ತ, "ಹೆಸ್ರು ಯಾವ್ದು ಅನ್ಕೊಂಡಿದ್ದೀಯಾ?" ಎಂದು ಕೇಳಿದಳು.

"ಇನ್ನೂ ಇಲ್ಲ ಅಮ್ಮಾವ್ರೆ."

"ನಾವಾಡಿದ್ ಮಾತು ನೆನಪೈತೆ ಅಲ್ವಾ ಸೋಮಿ? ನಮ್ ಚಿಕ್ಕಿ ಹೆಸ್ರು..."

"ಅಯ್ಯೋ, ಅದು ನಿಮ್ದೇ ಅಲ್ವ್ರಾ. ನಾನ್ಯಾಕೆ ಮುಟ್ಟಾನ," ಎಂದು ಸೋಮಿ ನಕ್ಕಳು. ನೀಲಾಂಬಿಕೆಯೂ ನಕ್ಕಳು.

ಹೆಸರಿಡುವ ದಿನ ಕುಳ್ಳಯ್ಯ, ತಾಯಿಯ ಹೆಸರನ್ನೇ ಇಡು ಎಂದ. ಬೆಳ್ಳನೂ ಅದನ್ನೇ ಅಂದ. ಸೋಮಿ ಒಪ್ಪಲಿಲ್ಲ. ಕೂಸು ಕೆಂಚಗಿತ್ತು, ಕೆಂಚಿ ಎಂದಿಟ್ಟಳು. ಆ ಕೂಸು ಎಂಟು ತಿಂಗಳಿಗೆ, ಮಾಘದ ಚಳಿಯಲ್ಲಿ, ಎರಡು ದಿನದ ಜ್ವರಕ್ಕೆ ಹೋಗಿಬಿಟ್ಟಿತು.

ಮಣ್ಣು ಮಾಡಿ ಬಂದ ಮೇಲೆ ಕುಳ್ಳಯ್ಯ ಎಲ್ಲರ ಎದುರಿಗೇ ಹೇಳಿದ: "ಅಜ್ಜಿ ಎಸ್ರು ಇಟ್ಟಿದ್ರೆ ಅಜ್ಜಿ ಕೈ ಇಡ್ಕೊಂಡಿರೋಳು. ಕೈ ಇಡ್ಕೊಳ್ಳೋರೇ ಇಲ್ದಂಗೆ ಮಾಡ್ದೆ." ಬೆಳ್ಳ ಅದಕ್ಕೆ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಸೋಮಿಗೆ ಆಮೇಲೆ ಮಕ್ಕಳಾಗಲಿಲ್ಲ. ದುಃಖ ಉಕ್ಕಿದಾಗ ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದುದು ಒಂದೇ: ಅವ್ವನ ಹೆಸರು ವ್ಯರ್ಥವಾಗಿಲ್ಲ, ಅಲ್ಲೊಂದು ಕೂಸು ಆ ಹೆಸರಿನಲ್ಲಿ ಬದುಕಿದೆ, ತನ್ನ ಹಾಲು ಕುಡಿದ ಕೂಸೇ ತಾನೇ ಅದೂ.

ಚಿಕ್ಕಿ ಶಾಲೆಗೆ ಸೇರಿದಳು. ಒಂದು ಸಂಜೆ ಜಗಲಿಯಲ್ಲಿ ಪುಸ್ತಕ ಬಿಚ್ಚಿಕೊಂಡು ಕೂತಿದ್ದವಳು ಸೋಮಿಯನ್ನು ಕಂಡು, "ಸೋಮವ್ವಾ, ನನ್ ಹೆಸ್ರು ಬರೆಯಾಕೆ ಬತ್ತದೆ," ಎಂದು ಬರೆದು ತೋರಿಸಿದಳು. ಸೋಮಿ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಕಾಡಿನಲ್ಲಿ ಗೆಣಸು ಅಗೆದು ಬದುಕಿದ ಅವ್ವ, ಅಕ್ಷರವಾಗಿ ಕೂತಿದ್ದಾಳೆ! ಆ ಹಾಳೆಯನ್ನು ಹರಿದು ಕೊಡು ಎಂದು ಕೇಳಿ ಇಸಿದುಕೊಂಡಳು. ಬಾಗಿಲಲ್ಲಿ ನಿಂತಿದ್ದ ನೀಲಾಂಬಿಕೆ ಎಲ್ಲವನ್ನೂ ನೋಡಿದಳು. ಆಮೇಲೆ ಒಳಗೆ ಹೋದಳು. ಸೋಮಿ ಮನೆಗೆ ಬಂದು ಹಾಳೆಯನ್ನು ಮಡಿಸಿ, ಸೂರಿನ ಬಿದಿರು ಗಳುವಿನ ತೂತಿನಲ್ಲಿ ತುರುಕಿಟ್ಟಳು. ಬೇಸರವಾದಾಗ ತೆಗೆದು ನೋಡುವಳು. ಬೆಳ್ಳನಿಗೂ ತೋರಿಸಿದ್ದಳು. ಅವನು ತಿರುಗಿಸಿ ಮುರುಗಿಸಿ ನೋಡಿ, "ನಿಮ್ಮವ್ವ ಇಷ್ಟ್ ಸಣ್ಣಗಿರ್ಲಿಲ್ಲ ಬುಡು," ಎಂದಿದ್ದ.

ಕಾಳನನ್ನು ಹಾಡಿಯ ಮಕ್ಕಳಿಗಾಗಿ ತೆರೆದ ವಸತಿ ಶಾಲೆಗೆ ಸೇರಿಸಿದ್ದು ತಡವಾಗಿ. ಎಪ್ಪತ್ತಮೂರರ ಬೇಸಿಗೆ ರಜಕ್ಕೆ ಬಂದಾಗ ಅವನಿಗೆ ಹನ್ನೊಂದು ವರ್ಷ. ಓದಲು ಬಂದ ಹೊಸ ಹುರುಪಿನಲ್ಲಿ ಕಂಡದ್ದನ್ನೆಲ್ಲ ಓದುತ್ತಿದ್ದ: ಬೆಂಕಿಪೆಟ್ಟಿಗೆ, ಅರಣ್ಯದವರು ಹಾಕಿದ ಬೋರ್ಡು, ಬಸ್ಸಿನ ಹಣೆ. ಸೂರು ಹೊದಿಸಲೆಂದು ಹಳೇ ಹುಲ್ಲು ತೆಗೆಯುತ್ತಿದ್ದಾಗ ಹಾಳೆ ಅವನ ಕೈಗೆ ಸಿಕ್ಕಿತು.

"ಅವ್ವಾ, ಇದ್ಯಾರು ಶೈಲಜ?"

ಸೋಮಿ ಕೆಳಗಿನಿಂದ ಹುಲ್ಲಿನ ಕಟ್ಟು ಎತ್ತಿಕೊಡುತ್ತಿದ್ದಳು. "ಯಾರು?"

"ಇದ್ರಾಗ್ ಬರ್ದೈತೆ. ಶೈಲಜ."

"ಸರ್ಯಾಗಿ ಓದ್ಲಾ. ಅದು ನಿಮ್ಮಜ್ಜಿ ಎಸ್ರು. ಚಿಕ್ಕಮಾದಿ."

ಕಾಳ ಗಳುವಿನಿಂದ ಇಳಿದು ಬಂದು ಅವಳ ಮುಂದೆ ಹಾಳೆ ಹಿಡಿದ. "ಇಲ್ಲ ಕಣವ್ವ. ನೋಡು, ಮೂರೇ ಅಕ್ಷರ. ಶೈ, ಲ, ಜ. ಚಿಕ್ಕಮಾದಿ ಅನ್ನಾಕೆ ನಾಕು ಬೇಕು, ಒಂದ್ರ ಕೆಳ್ಗೆ ಒತ್ತು ಇರ್ಬೇಕು." ಇದ್ದಿಲಿನ ಚೂರು ತೆಗೆದು ನೆಲದ ಮೇಲೆ ಬರೆದೂ ತೋರಿಸಿದ. ಸೋಮಿ ಹಾಳೆ ನೋಡಿದಳು, ನೆಲ ನೋಡಿದಳು. ಓದು ಬಾರದವಳಿಗೂ ಅವೆರಡೂ ಒಂದಲ್ಲವೆಂದು ಕಾಣುತ್ತಿತ್ತು.

ಹುಲ್ಲು ಹೊದಿಸುವುದು ಅರ್ಧಕ್ಕೇ ನಿಂತಿತು. ಅವಳು ಕೈ ತೊಳೆದುಕೊಂಡು, ತಲೆ ಕೂಡ ಬಾಚದೆ, ಹಾಳೆಯನ್ನು ಹಿಡಿದುಕೊಂಡೇ ಊರಿನ ದಾರಿ ಹಿಡಿದಳು. ದಾರಿಯುದ್ದಕ್ಕೂ ನೆವ ಹುಡುಕಿದಳು. ಮಗು ಯಾರೋ ಗೆಳತಿಯ ಹೆಸರು ಬರೆದಿರಬೇಕು. ಆರು ವರ್ಷದ ಮಗು, ಏನೋ ಆಟಕ್ಕೆ ಬರೆದಿರಬೇಕು. ಕಾಳನಿಗೇ ಸರಿಯಾಗಿ ಬಾರದಿರಬಹುದು.

ನೀಲಾಂಬಿಕೆ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದಳು. ಚಿಕ್ಕಿಯ ನಂತರ ಎರಡು ಗಂಡುಮಕ್ಕಳಾಗಿ, ಎರಡೂ ಉಳಿದು, ಅವಳು ಈಗ ಮೈಕೈ ತುಂಬಿಕೊಂಡಿದ್ದಳು. ಅತ್ತೆ ತೀರಿಕೊಂಡು ಎರಡು ವರ್ಷವಾಗಿತ್ತು. ಸೋಮಿ ಮುಂದೆ ಚಾಚಿದ ಹಾಳೆಯನ್ನು ನೋಡಿದೊಡನೆ ಅವಳ ಮುಖದ ಬಣ್ಣ ಇಳಿಯಿತು. ಆಗಲೇ ಸೋಮಿಗೆ ಗೊತ್ತಾಗಿಹೋಯಿತು.

"ಇಸ್ಕೂಲಲ್ಲಿ ಬೇಕು ಅಂತ ಅವ್ರು ಬರ್ಸಿದ್ರು ಸೋಮಿ," ಎಂದು ನೀಲಾಂಬಿಕೆ ಗಂಡನ ಮೇಲೆ ಹಾಕಿದಳು. "ಮನೇಲಿ ಚಿಕ್ಕೀನೇ ಅಲ್ವಾ? ನೀನೇ ಕೇಳಿದ್ದೀಯಲ್ಲ."

ಅಷ್ಟರಲ್ಲಿ ಕೊಟ್ಟಿಗೆಯ ಕಡೆಯಿಂದ ನೀಲಾಂಬಿಕೆಯ ಕಿರಿಯ ಮಗ, ಆರು ವರ್ಷದವನು, "ಶೈಲಕ್ಕಾ" ಎಂದು ಕೂಗುತ್ತ ಓಡಿಬಂದ. ಸೋಮಿಯನ್ನು ಕಂಡು ತಡೆದು ನಿಂತು, ತಾಯಿಯ ಮುಖ ನೋಡಿ, "ಚಿಕ್ಕಿಯಕ್ಕಾ" ಎಂದು ತಿದ್ದಿಕೊಂಡ.

ಈ ಚಿಕ್ಕ ಮಗುವಿಗೂ ಕಲಿಸಿದ್ದಾರೆ, ಸೋಮಿ ಬಂದಾಗ ಏನನ್ನಬೇಕು, ಹೋದ ಮೇಲೆ ಏನನ್ನಬೇಕು ಎಂದು!

"ಯಾವಾಗಿಂದ ಅಮ್ಮಾವ್ರೆ?"

"ಅದೇ, ಇಸ್ಕೂಲಿಗೆ ಸೇರ್ಸೋವಾಗ..."

"ಕೂಸಿನ್ ಮೇಲೆ ಆಣೆ ಇಟ್ಟಿದ್ರಿ. ಆ ಕೂಸಿನ್ ಮೇಲೇ ಕೈಯಿಟ್ಟು ಹೇಳ್ರಿ. ಯಾವಾಗಿಂದ?"

ನೀಲಾಂಬಿಕೆ ಕೂತ ಕಡೆಯಿಂದ ಏಳಲಿಲ್ಲ. ಹಪ್ಪಳದ ಹಿಟ್ಟಿನ ಕೈಯನ್ನು ನೋಡಿಕೊಳ್ಳುತ್ತ ನಿಧಾನವಾಗಿ ಹೇಳಿದಳು. "ವರ್ಷ ತುಂಬೋಕೆ ಮುಂಚೆ. ಮಠಕ್ಕೆ ಕರ್ಕೊಂಡ್ ಹೋಗಿದ್ವಿ. ಸ್ವಾಮಿಗಳು ಮಗು ಹೆಸ್ರೇನು ಅಂತ ಕೇಳಿದ್ರು. ನಮ್ ಜನ ಎಲ್ಲಾ ಕೂತಿದ್ರು. ಇವ್ರಿಗೆ ಹೇಳಾಕೆ ಬಾಯೇ ಬರ್ಲಿಲ್ಲ. ಹಾಡಿ ಹೆಸ್ರು ಯಾಕೆ ಅಂತ ಕೇಳ್ತಾರೆ, ಆಮೇಲೆ ಹಾಲಿನ ವಿಷ್ಯಾನೂ ಬತ್ತದೆ, ನಾಳೆ ಹೆಣ್ಣು ಕೇಳ್ಕೊಂಡು ಯಾರು ಬತ್ತಾರೆ? ಇನ್ನೂ ಹೆಸ್ರಿಟ್ಟಿಲ್ಲ ಅಂದ್ಬಿಟ್ರು. ಸ್ವಾಮಿಗಳೇ ಶೈಲಜ ಅಂತ ಇಟ್ರು."

ಸೋಮಿ ಬೆರಳು ಮಡಿಸಿ ಎಣಿಸಲಿಲ್ಲ. ಎಣಿಸಬೇಕಾಗಿಯೂ ಇರಲಿಲ್ಲ. ಚಿಕ್ಕಿಗೆ ವರ್ಷ ತುಂಬುವ ಮುಂಚೆ ಎಂದರೆ, ಕೆಂಚಿ ಹುಟ್ಟುವುದಕ್ಕೆ ಎರಡು ವರ್ಷ ಹಿಂದೆ.

"ನನ್ ಮಗ್ಳಿಗೆ ಎಸ್ರಿಡೋ ಮುಂಚೆ ಇಲ್ಲಿಗೆ ಬಂದಿದ್ದೆ," ಎಂದಳು. ದನಿ ಏರಲಿಲ್ಲ. "ಅಂಗಿ ಕೊಟ್ರಿ. ಮಾತು ನೆನಪೈತಾ ಅಂತ ನೀವೇ ಕೇಳಿದ್ರಿ. ಅವತ್ತು ಆ ಎಸ್ರು ನಿಮ್ ಮನೇಲಿ ಇರ್ಲೇ ಇಲ್ಲ."

ನೀಲಾಂಬಿಕೆ ಅಳತೊಡಗಿದಳು.

"ಮಠದಾಗೆ ಹೇಳಾಕಾಗ್ಲಿಲ್ಲ, ಅದು ಗೊತ್ತಾಯ್ತದೆ ನನ್ಗೆ. ನಿಮ್ ಜನ, ನಿಮ್ ಮರ್ವಾದೆ. ಆದ್ರೆ ಅವತ್ತು ನನ್ ಕಿವೀಲಿ ಒಂದು ಮಾತು ಅಂದಿದ್ರೆ ಸಾಕಾಗಿತ್ತಲ್ಲ ಅಮ್ಮಾವ್ರೆ? ಸೋಮಿ, ನಿನ್ ಎಸ್ರು ನೀನು ತಗೋ ಅಂತ. ಯಾರ್ಗೂ ಗೊತ್ತಾಯ್ತಿರ್ಲಿಲ್ಲ."

"ಹೆದ್ರಿಕೆ ಕಣೆ ಸೋಮಿ! ನೀನು ಆ ಹೆಸ್ರ ನಿನ್ ಕೂಸ್ಗೆ ಇಟ್ಬಿಟ್ರೆ, ನಿಮ್ಮವ್ವ ಅಲ್ಲಿಗ್ ಹೋಗ್ಬಿಟ್ರೆ, ನನ್ ಕೂಸಿನ್ ಗತಿ? ಮೂರು ಮಣ್ ಮಾಡಿದ್ದೆ ನಾನು. ನಾವು ಕರೀದಿದ್ರೂ ಆ ಹೆಸ್ರು ಇವಳ್ ಮೇಲೇ ಇರ್ಲಿ ಅಂತ..."

ಅಂದರೆ ಹೊರಗಿನವರ ಮುಂದೆ ಹೆಸರು ಬೇಡ, ಕಾಯುವುದಕ್ಕೆ ಮಾತ್ರ ಹೆಸರು ಬೇಕು. ಅದಕ್ಕಾಗಿ ಸೋಮಿಯನ್ನು ನಗುನಗುತ್ತ ಕಟ್ಟಿಹಾಕಿದ್ದಳು. ನಾಲ್ಕು ಜನರೆದುರು ನಿಲ್ಲಿಸಿ ಬೈದಿದ್ದರೂ ಸೋಮಿಗೆ ಅಷ್ಟು ನೋವಾಗುತ್ತಿರಲಿಲ್ಲ. ಕೆಂಚಿ ಸತ್ತಾಗ ಇದೇ ನೀಲಾಂಬಿಕೆ ಜಗಲಿಯಲ್ಲಿ ಅವಳನ್ನು ಕೂರಿಸಿಕೊಂಡು ಜೊತೆಗೆ ಅತ್ತಿದ್ದಳು.

ಒಳಗಿನಿಂದ ಹುಡುಗಿ ಬಂದಳು. ಹನ್ನೊಂದು ವರ್ಷ, ಎರಡು ಜಡೆ, ಕಿವಿಯಲ್ಲಿ ಓಲೆ. "ಏನಾಯ್ತು ಸೋಮವ್ವಾ? ಅಮ್ಮ ಯಾಕಳ್ತಾವ್ರೆ?"

"ಏನಿಲ್ಲ ಮಗಾ. ಹಪ್ಪಳದ್ ಖಾರ," ಎಂದಳು ಸೋಮಿ. ಹಾಳೆಯನ್ನು ಅಂಗಳದಲ್ಲೇ ಬಿಟ್ಟು ಹೊರಟಳು.

ಹಾಡಿಗೆ ಬಂದು ಕಾಲು ಚಾಚಿ ಕೂತವಳು ಅವತ್ತು ಗಂಜಿಗೂ ಏಳಲಿಲ್ಲ. ಬೆಳ್ಳನಿಗೆ ಕಾಳನೇ ಎಲ್ಲವನ್ನೂ ಹೇಳಿದ್ದ. ಅವನು ಪಕ್ಕದಲ್ಲಿ ಕೂತು, "ಏಳು ವರ್ಷ ನಾನೂ ಮನಸಲ್ಲಿ ನಿನ್ನೇ ಬಯ್ಕೊಂಡಿದ್ದೆ ಕಣಮ್ಮಿ," ಎಂದ. ಆ ಮಾತಿಗೆ ಸೋಮಿಯ ಅಳು ಕಟ್ಟೆಯೊಡೆಯಿತು.

ಷಣ್ಮುಖಪ್ಪನವರ ಹೊಲಕ್ಕೆ ಅವಳು ಮತ್ತೆ ಹೋಗಲಿಲ್ಲ. ಹೊಗೆಸೊಪ್ಪಿನ ಕಾಲದಲ್ಲಿ ಹುಣಸೂರಿನ ಕಡೆ ಹೋಗಿ ಸೊಪ್ಪು ಬೇಯಿಸುವ ಬ್ಯಾರನ್ ಮನೆಗಳ ಮುಂದೆ ಕೂತು ಕಡ್ಡಿಗೆ ಎಲೆ ಕಟ್ಟುವ ಕೆಲಸ ಹಿಡಿದಳು. ಬೆರಳೆಲ್ಲ ಅಂಟು, ಉಂಡರೆ ಬಾಯೆಲ್ಲ ಕಹಿ. ನೀಲಾಂಬಿಕೆ ತಮ್ಮ ಆಳು ಅಂಕಯ್ಯನ ಕೈಯಲ್ಲಿ ಎರಡು ಸಲ ರಾಗಿ, ಒಂದು ಸಲ ಸೀರೆ ಕಳಿಸಿದಳು. ಸೋಮಿ ಮೂರನ್ನೂ ಹಾಗೆಯೇ ಹಿಂದಕ್ಕೆ ಕಳಿಸಿದಳು.

ಹೆಸರನ್ನು ವಾಪಸು ತಗೋ, ನಮ್ಮವರ ಯಾವುದಾದರೂ ಕೂಸಿಗೆ ಇಡು ಎಂದು ಕುಳ್ಳಯ್ಯ ಎಷ್ಟೋ ಸಲ ಹೇಳಿದ. ಹಾಡಿಯಲ್ಲಿ ಆ ವರ್ಷಗಳಲ್ಲಿ ಅವಳ ಮನೆತನದ್ದೇ ಎರಡು ಹೆಣ್ಣು ಹುಟ್ಟಿದ್ದವು. ಸೋಮಿ ಪ್ರತಿ ಸಲವೂ ಬೇಡವೆಂದಳು. ಏನೇ ಆಗಲಿ, ಆ ಹುಡುಗಿ ತನ್ನ ಎದೆ ಕಚ್ಚಿದವಳು. ತಾಯಿ ಮಾಡಿದ್ದಕ್ಕೆ ಮಗಳ ತಲೆಗೆ ಏನಾದರೂ ಬಂದರೆ? ಮದುವೆಯಾಗಿ ಒಂದು ಮನೆ ಸೇರಲಿ, ಆಮೇಲೆ ನೋಡೋಣ ಎಂದು ಮನಸ್ಸಿನಲ್ಲೇ ಗಡುವು ಹಾಕಿಕೊಂಡಿದ್ದಳು. ಯಾರಿಗೂ ಹೇಳಿರಲಿಲ್ಲ. ಮದುವೆಗೆ ಕರೆದರೆ ಹೋಗಿ, ದೂರದಿಂದಲೇ ಅಕ್ಷತೆ ಹಾಕಿ ಬರಬೇಕೆಂದೂ ಅಂದುಕೊಂಡಿದ್ದಳು.

ಎಪ್ಪತ್ತೆಂಟರ ಶ್ರಾವಣದಲ್ಲಿ ಹುಣಸೂರು ಬಸ್ ನಿಲ್ದಾಣದಲ್ಲಿ ಅಂಕಯ್ಯ ಸಿಕ್ಕಿದ.

"ಶೈಲಮ್ಮಾರ ಮದ್ವೆ ಜೋರಾಗಾಯ್ತು ಕಣ್ ಸೋಮಿ. ಕೆ.ಆರ್. ನಗರದೋರು. ಎರಡು ಬಸ್ಸು ಮಾಡಿದ್ರು. ಊರ್ಗೆ ಊರೇ ಹೋಗಿತ್ತು." ಹೇಳಿದ ಮೇಲೆ ಅವಳ ಮುಖ ಕಂಡು ತಡವರಿಸಿದ. "ನಿನ್ಗೆ ಹೇಳ್ಲಿಲ್ವಾ? ವೈಶಾಖದಲ್ಲೇ ಆಗೋಯ್ತಲ್ಲಾ..."

"ನಾನು ಇಲ್ಲಿದ್ನಲ್ಲ, ಸೊಪ್ಪಿನ ಕೆಲ್ಸ," ಎಂದಳು ಸೋಮಿ. ವೈಶಾಖದಲ್ಲಿ ಹೊಗೆಸೊಪ್ಪು ಇನ್ನೂ ಸಸಿಯೆಂದು ಅಂಕಯ್ಯನಿಗೂ ಗೊತ್ತಿತ್ತು.

ಮಾರನೆಯ ವರ್ಷ, ಕಾರ್ತಿಕದಲ್ಲಿ, ಕಾಳನ ಹೆಂಡತಿ ಹೆಣ್ಣು ಹೆತ್ತಳು. ಹೆಸರಿಡುವ ದಿನ ಯಾರೂ ಸೋಮಿಗೆ ಇಂಥ ಹೆಸರಿಡು ಎಂದು ಹೇಳಲಿಲ್ಲ. ಹೇಳಿ ಹೇಳಿ ಸಾಕಾಗಿತ್ತು. ಕುಳ್ಳಯ್ಯ ಹಣ್ಣು ಮುದುಕನಾಗಿದ್ದ, ಕೋಲೂರಿಕೊಂಡು ಸುಮ್ಮನೆ ನಿಂತಿದ್ದ. ಸೋಮಿ ಕೂಸನ್ನು ಮಡಿಲಿಗೆ ಹಾಕಿಕೊಂಡು, ಕಿವಿಯಲ್ಲಲ್ಲ, ಎಲ್ಲರಿಗೂ ಕೇಳುವಂತೆ ಹೇಳಿದಳು. "ಚಿಕ್ಕಮಾದಿ." ಬೆಳ್ಳ ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಂಡ.

ಸುದ್ದಿ ಊರಿಗೆ ಮುಟ್ಟಲು ಹತ್ತು ದಿನ ಹಿಡಿಯಿತು. ಹನ್ನೊಂದನೆಯ ದಿನ ಮಧ್ಯಾಹ್ನ ಹೊಂಗೆ ಮರದ ಹತ್ತಿರ ನಿಲ್ಲದೆ ನೀಲಾಂಬಿಕೆ ನೇರವಾಗಿ ಒಳಗೆ ಬಂದಳು. ಕೂದಲು ಅಲ್ಲಲ್ಲಿ ನರೆತಿತ್ತು, ಬಿಸಿಲಿಗೆ ಏದುಸಿರು ಬಿಡುತ್ತಿದ್ದಳು. ಸೋಮಿ ಅಂಗಳದಲ್ಲಿ ಕೂತು ಪೊರಕೆ ಕಟ್ಟುತ್ತಿದ್ದಳು. ಕೂತಲ್ಲೇ ತಲೆಯೆತ್ತಿ ನೋಡಿದಳು.

"ನನ್ ಮಗಳು ಬಸ್ರಿ ಕಣೆ ಸೋಮಿ," ಎಂದಳು ನೀಲಾಂಬಿಕೆ. "ಏಳು ತಿಂಗ್ಳು. ಇದೊಂದು ಹೆರಿಗೆ ಆಗೋ ಗಂಟ ತಡೀಬಹುದಾಗಿತ್ತಲ್ಲ. ಈ ಕೂಸ್ಗೆ ಬೇರೆ ಏನಾದ್ರೂ ಕರಿ. ನಿನ್ನ ಕಾಲಿಗೆ ಬೀಳ್ತೀನಿ."

ಹಾಡಿಯ ಹೆಂಗಸರು ಬಾಗಿಲುಗಳಲ್ಲಿ ನಿಂತು ನೋಡುತ್ತಿದ್ದರು. ಸೋಮಿ ಕೈಯಲ್ಲಿದ್ದ ಪೊರಕೆಯನ್ನು ಬಿಗಿದು ಗಂಟು ಹಾಕಿದಳು.

"ಆರು ವರ್ಷ ತಡ್ದೆ ಅಮ್ಮಾವ್ರೆ. ನಿಮ್ಗೋಸ್ಕರ ಅಲ್ಲ, ಆ ಮಗೀಗೋಸ್ಕರ. ಮದ್ವೆ ಆಗಿ ಒಂದ್ ಕಡೆ ಸೇರ್ಲಿ ಅಂತ ಕಾದೆ. ಸೇರಿದ್ದು ನನ್ಗೆ ಬಸ್ ಸ್ಟ್ಯಾಂಡಲ್ಲಿ ಗೊತ್ತಾಯ್ತು."

"ಕರೀಬೇಕು ಅಂತ್ಲೇ ಇದ್ದೆ. ಬೀಗ್ರು ಏನಂದ್ಕೋತಾರೋ ಅಂತ ಇವ್ರು..."

"ಊಂ."

ಒಳಗೆ ಕೂಸು ಅತ್ತಿತು. ಕಾಳನ ಹೆಂಡತಿ, "ಯಾಕ್ ಚಿಕ್ಕಮಾದಿ, ಯಾಕವ್ವಾ," ಎಂದು ರಮಿಸುವುದು ಕೇಳಿಸಿತು. ನೀಲಾಂಬಿಕೆ ಬೆಚ್ಚಿಬಿದ್ದವಳಂತೆ ಆ ಕಡೆ ತಿರುಗಿದಳು. ಆಮೇಲೆ, "ಕೂಸ ಒಂದ್ಸಲ ನೋಡ್ಲಾ?" ಎಂದು ಕೇಳಿದಳು.

"ಬ್ಯಾಡಿ," ಎಂದಳು ಸೋಮಿ. ಒಂದು ಗಳಿಗೆ ಬಿಟ್ಟು, "ನಿಮ್ ಮಗ್ಳಿಗೆ ಏನೂ ಆಗಾಕಿಲ್ಲ. ನಾನೇನೂ ಕೆಟ್ಟದ್ದು ನೆನೆಸಿಲ್ಲ, ನೆನೆಸೋದೂ ಇಲ್ಲ. ಹೆರಿಗೆಗೆ ಆಸ್ಪತ್ರೆಗೆ ಕರ್ಕೊಂಡ್ ಓಗಿ," ಎಂದಳು.

ನೀಲಾಂಬಿಕೆ ಇನ್ನೂ ನಿಂತೇ ಇದ್ದಳು. ಕೂತ್ಕೊಳ್ಳಿ ಎಂದು ಸೋಮಿ ಹೇಳಲಿಲ್ಲ, ನೀರೂ ಕೊಡಲಿಲ್ಲ. ಇನ್ನೊಂದು ಹಿಡಿ ಕಡ್ಡಿ ಎತ್ತಿಕೊಂಡು ತುದಿ ಸಮ ಮಾಡಿ ನೆಲಕ್ಕೆ ಕುಟ್ಟಿದಳು.

"ಒತ್ತು ಇಳೀತಾ ಐತೆ ಅಮ್ಮಾವ್ರೆ," ಎಂದಳು ತಲೆಯೆತ್ತದೆ. "ಬೇಗೂರಿನ್ ಬಸ್ಸು ತಪ್ಪಿದ್ರೆ ನಡ್ದೇ ಓಗ್ಬೇಕು. ಸಂಜೆ ಮೇಲೆ ಆ ದಾರೀಲಿ ಆನೆ ಬತ್ತವೆ. ಓಗಿ."